ಬೆಕ್ಕಿಗೆ ಗ್ರೇವಿ ಬಡಿಸುವವರಿಗೆ

ನಿನ್ನೆ ಭಾನುವಾರ ಪರಿಚಿತರೊಬ್ಬರ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಸೇರಿದ್ದೆವು. ಇಲ್ಲಿ ಇಂಗ್ಲೆಂಡಿನಲ್ಲಿ ಟಾಪ್‌ಸೈಡ್ ಎಂದು ಕರೆಯುವ ದನದ ತೊಡೆಯ ಭಾಗದ ದೊಡ್ಡ ತುಂಡಿಗೆ ಶುಂಠಿ, ಬೆಳ್ಳುಳ್ಳಿ ಅರೆದು ಹಚ್ಚಿ, ರಾತ್ರಿಯಿಡೀ ನೆನೆಯಲು ಬಿಟ್ಟು, ದಪ್ಪಗೆ ಹೆಚ್ಚಿದ ಈರುಳ್ಳಿಯ ಹಾಸಿನ ಮೇಲಿರಿಸಿ ಓವನ್ನಿನಲ್ಲಿ ಬೇಯಿಸಿದ್ದರು. ರೋಸ್ಟ್ ಬಹಳ ಚೆನ್ನಾಗಿತ್ತು. ಆದರೆ ನಮಗೆ ಬಡಿಸುವ ಮೊದಲೇ ಮನೆಯವರು ಟ್ರೇಯ ತಳದಲ್ಲಿ ಇಳಿದಿದ್ದ ಗ್ರೇವಿಯನ್ನು ಒಂದು ಬಟ್ಟಲಿಗೆ ಸುರಿದು, ಅದರಲ್ಲಿ ಮಾಂಸದ ಎಳೆಗಳನ್ನು ಕಲಸಿ, ಕಾಲು ಸುತ್ತುತ್ತಿದ್ದ ತಮ್ಮ ಬೆಕ್ಕಿನ ಮುಂದಿಟ್ಟರು. ಅದು ಬಟ್ಟಲು ಹೊಳೆಯುವಂತೆ ನೆಕ್ಕಿತು. ಸುತ್ತಲಿದ್ದವರೆಲ್ಲ ಮೊಬೈಲ್ ಹಿಡಿದು ವಿಡಿಯೊ ಮಾಡಿದರು. ದಯವಿಟ್ಟು ಕೊಡಬೇಡಿ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಎರಡೂ ಇವೆ ಎಂದು ನಾನು ಹೇಳಿದಾಗ ಬಂದ ಉತ್ತರ: "ಒಂದು ಚಮಚದಿಂದ ಏನಾಗುತ್ತದೆ? ಪ್ರಾಣಿಗಳಿಗೆ ತಮಗೆ ಆಗದ್ದು ಯಾವುದೆಂದು ಗೊತ್ತಿರುತ್ತದೆ." ಸಂಜೆಯೊಳಗೆ ಆ ವಿಡಿಯೊ ನಮ್ಮ ಗುಂಪಿಗೆ ಬಂದು, ಅದರ ಕೆಳಗೆ ಕೆಂಪು ಹೃದಯಗಳ ಸಾಲು ಬೆಳೆಯಿತು. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನನ್ನು ಬಲ್ಲವರಿಗೆ ನನ್ನ ಬೆಕ್ಕುಗಳಾದ ಕರಿಯ ಮತ್ತು ಚಿನ್ನುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಕರಾವಳಿಯ ಕ್ರೈಸ್ತ ಮನೆಯಲ್ಲಿ ಬೆಳೆದ ನನ್ನ ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂಬುದೂ ನಿಮಗೆ ತಿಳಿದದ್ದೇ. ದನದ ಮಾಂಸದ ಕುರಿತು ವಾದಿಸಬೇಕೆನ್ನುವವರು ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಇವತ್ತು ನನ್ನ ಸಿಟ್ಟು ಇರುವುದು ಆ ಬಟ್ಟಲಿನ ಮೇಲೆ ಮಾತ್ರ.

ಬೆಂದ ದನದ ಮಾಂಸದಿಂದ ಬೆಕ್ಕಿಗೆ ತೊಂದರೆಯಿಲ್ಲ. ಬೆಕ್ಕು ಮಾಂಸವನ್ನೇ ತಿಂದು ಬದುಕಬೇಕಾದ ಪ್ರಾಣಿ. ಅದಕ್ಕೆ ಕೇಡು ಮಾಡುವುದು ಮಾಂಸದ ರುಚಿಗಾಗಿ ನಾವು ಸೇರಿಸುವ ವಸ್ತುಗಳು, ಅದರಲ್ಲೂ ಮುಖ್ಯವಾಗಿ ಈರುಳ್ಳಿ, ಬೆಳ್ಳುಳ್ಳಿ ಮತ್ತು ಅದೇ ಕುಲದ ಲೀಕ್, ಚೈವ್ಸ್‌ನಂಥ ಸೊಪ್ಪುಗಳು. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ರಕ್ತ ಸೇರಿ, ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ. ಕೆಟ್ಟ ಹಿಮೋಗ್ಲೋಬಿನ್ ಗಂಟುಕಟ್ಟಿ ಕಣದ ಗೋಡೆಗೆ ಅಂಟಿಕೊಳ್ಳುತ್ತದೆ. ಅಂಥ ಕಣಗಳು ಒಡೆದುಹೋಗಿ ಪ್ರಾಣಿಗೆ ರಕ್ತಹೀನತೆ ಉಂಟಾಗುತ್ತದೆ. ಮನುಷ್ಯರಾದ ನಾವು ಜೀವಮಾನವೆಲ್ಲ ಈರುಳ್ಳಿ ತಿಂದರೂ ಹೀಗಾಗುವುದಿಲ್ಲ. ಹೀಗೆ ಕೆಡಬಲ್ಲ ಗಂಧಕದ ತುದಿಗಳು ನಮ್ಮ ಹಿಮೋಗ್ಲೋಬಿನ್ನಿನಲ್ಲಿ 2 ಇದ್ದರೆ, ನಾಯಿಯದರಲ್ಲಿ 4, ಬೆಕ್ಕಿನದರಲ್ಲಿ 8 ಇವೆ. ಸಾಲದೆಂಬಂತೆ, ಕೆಟ್ಟ ಕಣಗಳನ್ನು ಸೋಸಿ ತೆಗೆಯುವ ಕೆಲಸದಲ್ಲಿ ಬೆಕ್ಕಿನ ಗುಲ್ಮವೂ ಅಷ್ಟು ಸಮರ್ಥವಲ್ಲ. ದೇಹತೂಕದ ಕಿಲೋಗ್ರಾಂಗೆ 5 ಗ್ರಾಂ ಈರುಳ್ಳಿ ಸಾಕು, ಬೆಕ್ಕಿನ ರಕ್ತದಲ್ಲಿ ಹಾನಿ ಕಾಣಿಸಿಕೊಳ್ಳುತ್ತದೆ ಎಂದು ಪಶುವೈದ್ಯ ಸಾಹಿತ್ಯ ಹೇಳುತ್ತದೆ. 4 ಕಿಲೋ ತೂಗುವ ಬೆಕ್ಕಿಗೆ ಅದು 20 ಗ್ರಾಂ, ಎಂದರೆ ಒಂದು ಸಾಧಾರಣ ಈರುಳ್ಳಿಯ ಸಣ್ಣ ಹೋಳು. ಬೆಳ್ಳುಳ್ಳಿ ಇದಕ್ಕಿಂತ ಹೆಚ್ಚು ತೀಕ್ಷ್ಣ.

ಬೇಯಿಸಿದರೆ ವಿಷ ಹೋಗುತ್ತದೆ ಎಂದು ನಿನ್ನೆ ಇನ್ನೊಬ್ಬರು ಸಮಾಧಾನ ಹೇಳಿದರು. ಹೋಗುವುದಿಲ್ಲ. ಹುರಿದರೂ, ಕುದಿಸಿದರೂ, ಒಣಗಿಸಿ ಪುಡಿಮಾಡಿದರೂ ಅದು ಉಳಿಯುತ್ತದೆ. ಪುಡಿಯಲ್ಲಿ ನೀರಿನಂಶ ಹೋಗಿರುವುದರಿಂದ ಅದು ಇನ್ನೂ ಸಾಂದ್ರವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಗ್ರೇವಿ ಪುಡಿ, ಸ್ಟಾಕ್ ಕ್ಯೂಬ್ ಕೊಳ್ಳುವವರು ಡಬ್ಬಿಯ ಹಿಂಬದಿಯನ್ನು ಒಮ್ಮೆ ಓದಿ ನೋಡಲಿ, ಬಹುಪಾಲು ಈರುಳ್ಳಿ ಪುಡಿ ಇದ್ದೇ ಇರುತ್ತದೆ. ಇನ್ನು ಗಂಟೆಗಟ್ಟಲೆ ಮಾಂಸದ ರಸ, ಕೊಬ್ಬಿನೊಡನೆ ಬೆಂದ ಈರುಳ್ಳಿ ಹೋಳಾಗಿ ಉಳಿಯುವುದೇ ಇಲ್ಲ, ಕರಗಿ ಗ್ರೇವಿಯೇ ಆಗಿಬಿಡುತ್ತದೆ. ಆರಿಸಿ ಪಕ್ಕಕ್ಕಿಡಲು ಅಲ್ಲಿ ಏನೂ ಇರುವುದಿಲ್ಲ. ಹಾಗಿರುವಾಗ ಬೆಕ್ಕಿಗೆ ತನಗಾಗದ್ದು ಗೊತ್ತಿರುತ್ತದೆ ಎಂದರೆ ಏನರ್ಥ? ಅದರ ಮೂಗಿಗೆ ಬಿದ್ದದ್ದು ಕೊಬ್ಬಿನ, ಮಾಂಸದ ಘಮಲು. ಆ ಘಮಲನ್ನು ನಂಬಿ ಅದು ನೆಕ್ಕಿತು. ಕಾಡಿನಲ್ಲಿ ಇಲಿ ಹಿಡಿದು ತಿಂದ ಯಾವ ಬೆಕ್ಕಿಗೂ ಈರುಳ್ಳಿ ತುಂಬಿದ ಇಲಿ ಸಿಕ್ಕಿರಲಿಲ್ಲ. ಅದನ್ನು ಗುರುತಿಸುವ ಅರಿವು ಅದಕ್ಕೆ ಬರುವುದಾದರೂ ಎಲ್ಲಿಂದ? ಗೊತ್ತಿರಬೇಕಾದದ್ದು ಬಟ್ಟಲು ಇಟ್ಟವರಿಗೆ.

ಒಂದು ಚಮಚ ಗ್ರೇವಿಗೆ ಆ ಬೆಕ್ಕು ಸಾಯುತ್ತದೆ ಎಂದು ನಾನು ಹೇಳುತ್ತಿಲ್ಲ. ನಾನು ಹೇಳುವುದು ಪ್ರತಿ ಭಾನುವಾರವೂ ಇಡುವ ಬಟ್ಟಲಿನ ಮಾತು. ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಹೊಟ್ಟೆ ಸೇರಿದರೂ ಹಾನಿ ಆಗಿಯೇ ಆಗುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದೆಂದರೆ ಈ ವಿಷ ಆ ಕ್ಷಣದಲ್ಲಿ ಏನನ್ನೂ ತೋರಿಸದೆ ಇರಬಹುದು. ಬೆಕ್ಕು ನೆಕ್ಕಿ, ಮುಖ ತೊಳೆದುಕೊಂಡು, ಸೋಫಾದ ಮೇಲೆ ಮಲಗುತ್ತದೆ. ರಕ್ತಕಣಗಳು ಒಡೆಯುತ್ತ ಹೋಗಿ ಲಕ್ಷಣ ಹೊರಗೆ ಕಾಣುವುದು ಕೆಲವು ದಿನಗಳ ನಂತರ: ಒಸಡು ಬಿಳಿಚಿಕೊಳ್ಳುತ್ತದೆ, ಉಸಿರಾಟ ವೇಗವಾಗುತ್ತದೆ, ಮೂತ್ರ ಕಂದುಗೆಂಪಾಗುತ್ತದೆ, ಊಟ ಬೇಡವೆಂದು ಮೂಲೆ ಸೇರುತ್ತದೆ. ಗುರುವಾರ ಮಂಕಾದ ಬೆಕ್ಕಿಗೂ ಭಾನುವಾರದ ಗ್ರೇವಿಗೂ ನಂಟು ಕಲ್ಪಿಸುವವರು ಯಾರು? ಏನೋ ಹವಾಮಾನದ ಕಾರಣ ಎಂದುಕೊಳ್ಳುತ್ತಾರೆ. ಮುಂದಿನ ಭಾನುವಾರ, ಪಾಪ ಸೊರಗಿದೆ ಎಂದು ಇನ್ನೊಂದು ಚಮಚ ಹೆಚ್ಚಿಗೆ ಹಾಕುತ್ತಾರೆ. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತಿದೆ.

ಊರಿನ ಬೆಕ್ಕುಗಳ ಮಾತನ್ನು ಎತ್ತುವವರಿದ್ದಾರೆಂದು ಬಲ್ಲೆ. ನಮ್ಮಜ್ಜಿಯ ಮನೆಯ ಬೆಕ್ಕುಗಳು ಸಿಕ್ಕಿದ್ದೆಲ್ಲ ತಿಂದು ದುಂಡಗಿದ್ದವು, ಯಾರೂ ಇಷ್ಟು ಲೆಕ್ಕ ಹಾಕುತ್ತಿರಲಿಲ್ಲ ಎಂಬ ಮಾತು. ನಾನೂ ಅಂಥ ಮನೆಯಲ್ಲೇ ಬೆಳೆದದ್ದು, ಆದ್ದರಿಂದ ಚೆನ್ನಾಗಿ ನೆನಪಿದೆ. ಹಿತ್ತಿಲಲ್ಲಿ ಬೂತಾಯಿ, ಬಂಗುಡೆ ಕೊಯ್ಯುತ್ತಿದ್ದಾಗ ಸುತ್ತ ಕೂತ ಬೆಕ್ಕುಗಳಿಗೆ ಸಿಗುತ್ತಿದ್ದದ್ದು ತಲೆ, ಕರುಳು, ಬಾಲ. ಅದೆಲ್ಲವೂ ಅರೆಯುವ ಕಲ್ಲಿಗೆ ಮಸಾಲೆ ಬೀಳುವ ಮೊದಲಿನ ಮಾತು. ಅರೆದು ಕುದಿಸಿದ ಸಾರನ್ನು ಬೆಕ್ಕಿಗೆ ಸುರಿಯುವಷ್ಟು ಧಾರಾಳ ಆ ಮನೆಗಳಲ್ಲಿ ಇರಲಿಲ್ಲ, ಅದು ಮಕ್ಕಳಿಗೇ ಅಳತೆಯಲ್ಲಿ ಸಿಗುತ್ತಿತ್ತು. ಇನ್ನು, ಆ ಬೆಕ್ಕುಗಳಲ್ಲಿ ಎಷ್ಟು ವರ್ಷವಾದರೂ ಬದುಕಿದವು ಎಷ್ಟು? ಒಂದು ದಿನ ಕಾಣೆಯಾಗುತ್ತಿತ್ತು, ಸೌದೆ ರಾಶಿಯ ಹಿಂದೆ ಎಲ್ಲೋ ಸಿಗುತ್ತಿತ್ತು, ಹಾವು ಕಚ್ಚಿರಬೇಕು ಎನ್ನುತ್ತಿದ್ದರು. ಕಾರಣ ಹುಡುಕಿದವರಿಲ್ಲ, ರಕ್ತ ಪರೀಕ್ಷೆ ಮಾಡಿಸಿದವರಿಲ್ಲ. ಯಾರೂ ನೋಡದೆ ಇದ್ದದ್ದನ್ನು ಏನೂ ಆಗಲಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ತರುವುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಬೆಕ್ಕಿಗೆ ಏನನ್ನೂ ಕೊಡಬಾರದೇ ಎಂದು ಕೇಳುತ್ತೀರಿ. ಕೊಡಿ, ನಾನೂ ಕೊಡುತ್ತೇನೆ. ರೋಸ್ಟಿನ ತುಂಡು ಕಾಗದದಿಂದ ಹೊರಬಂದ ಕೂಡಲೇ, ಉಪ್ಪು ಸೋಕುವ ಮೊದಲು, ಕೊಬ್ಬಿಲ್ಲದ ಕಡೆಯಿಂದ ಒಂದು ಎಳೆ ಕೊಯ್ದು ಬೇರೆ ಬಾಣಲೆಯಲ್ಲಿ ನೀರು ಚಿಮುಕಿಸಿ ಪೂರ್ತಿ ಬೇಯಿಸುತ್ತೇನೆ. ಹಸಿಯಾಗಿ ಕೊಡುವುದಿಲ್ಲ, ಏಕೆಂದರೆ ಹಸಿಮಾಂಸದಲ್ಲಿ ಬ್ಯಾಕ್ಟೀರಿಯಾಗಳೂ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯೂ ಇರಬಹುದು. ಆರಿದ ಮೇಲೆ ಚೂರು ಮಾಡಿ ಇಬ್ಬರಿಗೂ ಹಂಚುತ್ತೇನೆ, ತಲೆಗೆ 10 ಗ್ರಾಂಗಿಂತ ಬಹಳ ಹೆಚ್ಚಿಲ್ಲದಂತೆ. ಅದು ಊಟವಲ್ಲ, ತಿಂಡಿ. ಬರಿಯ ಮಾಂಸಖಂಡದಲ್ಲಿ ಸುಣ್ಣದಂಶ ತೀರ ಕಡಿಮೆ. ಬೆಕ್ಕಿಗೆ ಬೇಕೇಬೇಕಾದ ಟೌರಿನ್ ಎಂಬ ಪೋಷಕಾಂಶ ಬೇಯಿಸುವಾಗ ರಸದೊಡನೆ ಸೋರಿಹೋಗುತ್ತದೆ. ಟೌರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ಡೇವಿಸ್‌ನ ವಿಜ್ಞಾನಿಗಳು 1987ರಲ್ಲಿ ತೋರಿಸಿಕೊಟ್ಟರು. ಬೆಕ್ಕಿನ ಸಿದ್ಧ ಆಹಾರದಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಿದ್ದು ಆ ಬಳಿಕವೇ. ಆದ್ದರಿಂದ ರೋಸ್ಟಿನ ದಿನವೂ ಅವುಗಳ ಮಾಮೂಲಿ ಊಟ ತಪ್ಪುವುದಿಲ್ಲ.

ನನ್ನ ರೋಸ್ಟಿಗೆ ಹಿಂದಿನ ದಿನವೇ ಉಪ್ಪು, ಕಾಳುಮೆಣಸು ಮಾತ್ರ ಸವರಿಟ್ಟಿರುತ್ತೇನೆ. ಈರುಳ್ಳಿ ಬೇರೆ ಟ್ರೇಯಲ್ಲಿ ಬೇಯುತ್ತದೆ. ರುಚಿಗೆ ಕೊರತೆಯಾಯಿತೆಂದು ನನ್ನ ಮೇಜಿನಲ್ಲಿ ಉಂಡವರು ಯಾರೂ ಹೇಳಿಲ್ಲ. ಟಾಪ್‌ಸೈಡ್ ಆದರೆ ನಡುವಿನ ಉಷ್ಣತೆ 52 ಡಿಗ್ರಿ ಮುಟ್ಟಿದಾಗ ಹೊರತೆಗೆಯುತ್ತೇನೆ, ಹೊರಗಿಟ್ಟ ಮೇಲೂ ಅದು ನಾಲ್ಕೈದು ಡಿಗ್ರಿ ಏರುತ್ತದೆ. ಬ್ರಿಸ್ಕೆಟ್ ಎನ್ನುವ ಎದೆಯ ಭಾಗವಾದರೆ ಅದರ ಗಟ್ಟಿ ನಾರು ಕರಗಿ ಮೃದುವಾಗುವವರೆಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಬೆಕ್ಕಿರುವ ಮನೆಯಲ್ಲಿ ಕಷ್ಟದ ಹೊತ್ತು ಬರುವುದು ಇದಾದ ಮೇಲೆ, ಮಾಂಸವನ್ನು 20 ಅಥವಾ 30 ನಿಮಿಷ ವಿಶ್ರಮಿಸಲು ಬಿಡುವಾಗ. ಘಮಲು ಮನೆಯೆಲ್ಲ ತುಂಬಿರುತ್ತದೆ, ಅಡುಗೆಯವರು ಬೇರೆ ಕೆಲಸದಲ್ಲಿರುತ್ತಾರೆ, ಫಾಯಿಲ್ ಹೊದಿಕೆಯನ್ನು ಸರಿಸುವುದು ಬೆಕ್ಕಿಗೆ ಏನೇನೂ ಕಷ್ಟವಲ್ಲ. ನಾನು ಅಷ್ಟು ಹೊತ್ತು ಮಾಂಸವನ್ನು ಆಫ್ ಮಾಡಿರುವ ಮೈಕ್ರೋವೇವ್ ಒಳಗಿಟ್ಟು ಬಾಗಿಲು ಹಾಕುತ್ತೇನೆ. ಹಾಗೆಯೇ ಓವನ್ ಹಚ್ಚುವ ಮೊದಲು ಒಳಗೆ ಕಣ್ಣುಹಾಯಿಸುವ ಅಭ್ಯಾಸ ಎಲ್ಲರಿಗೂ ಇರಲಿ, ಬೆಚ್ಚಗಿನ ಜಾಗ ಕಂಡರೆ ಬೆಕ್ಕು ನುಸುಳದೆ ಬಿಡುವುದಿಲ್ಲ.

ಅಡುಗೆಮನೆಗೆ ಬೆಕ್ಕನ್ನು ಬಿಡುವುದೇ ಕೊಳಕು ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಮಾಂಸ ಕೊಯ್ಯುವ ಹಲಗೆಯನ್ನು ಬಿಸಿನೀರು, ಸಾಬೂನಿನಲ್ಲಿ ತೊಳೆಯುವುದು ಬೆಕ್ಕಿಲ್ಲದ ಮನೆಯಲ್ಲೂ ಮಾಡಬೇಕಾದ ಕೆಲಸ. ಬೆಕ್ಕಿನ ಮಲದ ಮೂಲಕ ಹೊರಬೀಳುವ ಟಾಕ್ಸೊಪ್ಲಾಸ್ಮಾ ಸೋಂಕು ತಗುಲಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಹಿಡಿಯುತ್ತದೆ, ಹಾಗಾಗಿ ಮಲದ ತಟ್ಟೆಯನ್ನು ದಿನವೂ ಶುಚಿಮಾಡಬೇಕು. ಗರ್ಭಿಣಿಯರು ಆ ಕೆಲಸವನ್ನು ಬೇರೆಯವರಿಗೆ ಬಿಡಬೇಕು. ಇಷ್ಟು ಮಾಡಿದ ಮೇಲೆ ಬಾಗಿಲು ಹಾಕಿ ಅವುಗಳನ್ನು ಹೊರಗಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಅಮ್ಮ ತೀರಿಕೊಂಡಾಗ ವಿಮಾನಗಳು ನಿಂತಿದ್ದವು, ಊರಿಗೆ ಹೋಗಲಾಗಲಿಲ್ಲ. ಮಣ್ಣಿಗಿಡುವುದನ್ನು ಇದೇ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು ನೋಡಿದೆ. ಆಗ ಒಂದು ನನ್ನ ಮಡಿಲಲ್ಲಿತ್ತು, ಇನ್ನೊಂದು ಪಾದದ ಬಳಿ. ಅವುಗಳ ವಿಷಯದಲ್ಲಿ ನಾನು ಅತಿ ಮಾಡುತ್ತೇನೆ ಎಂದು ನಿನ್ನೆ ಬೆನ್ನ ಹಿಂದೆ ಆಡಿಕೊಂಡವರಿಗೆ ಇದು ಗೊತ್ತಿರಲಿ.

ಗ್ರೇವಿಯಷ್ಟೇ ಅಪಾಯದ ಇನ್ನೊಂದು ವಸ್ತು ನಿನ್ನೆ ಅದೇ ಮನೆಯ ತೆರೆದ ಕಸದ ಬುಟ್ಟಿಯಲ್ಲಿ ಮೇಲೆಯೇ ಬಿದ್ದಿತ್ತು: ರೋಸ್ಟ್ ಕಟ್ಟಿದ್ದ ದಾರ. ಸುರುಳಿ ಸುತ್ತಿ ಮಾರುವ ಮಾಂಸವನ್ನು ದಾರದಿಂದ ಬಿಗಿದೋ ಬಲೆಚೀಲದಲ್ಲಿ ಹಾಕಿಯೋ ಕೊಡುತ್ತಾರೆ. (ಸುರುಳಿಯಲ್ಲಿ ಬ್ಯಾಕ್ಟೀರಿಯಾ ಅಂಟಿರಬಹುದಾದ ಹೊರಮೈ ಒಳಗೆ ಸೇರಿರುವುದರಿಂದ ಅದನ್ನು ನಡುವಿನವರೆಗೂ ಪೂರ್ತಿ ಬೇಯಿಸಬೇಕು, ಕೆಂಪಗೆ ಉಳಿಸಬಾರದು.) ಬೆಂದ ಮೇಲೆ ಮಾಂಸರಸ ಹೀರಿದ ಆ ದಾರ ಬೆಕ್ಕಿಗೆ ಮಾಂಸವೇ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು ಉಳಿದದ್ದು ಕೆಳಗೆ ಸಾಗಿದರೆ, ಕರುಳು ಅದರ ಮೇಲೆ ನೆರಿಗೆಗಟ್ಟಿ, ದಾರ ಕರುಳಿನ ಗೋಡೆಯನ್ನೇ ಕೊಯ್ಯುತ್ತದೆ. ಆಮೇಲೆ ಹೆಚ್ಚಿನ ಸಂದರ್ಭಗಳಲ್ಲಿ ಉಳಿಯುವುದು ಶಸ್ತ್ರಚಿಕಿತ್ಸೆಯ ದಾರಿಯೊಂದೇ. ಕತ್ತರಿಸಿದ ದಾರವನ್ನು, ಬಲೆಚೀಲವನ್ನು, ಬೆಂದ ಮೂಳೆಗಳನ್ನು ಮುಚ್ಚಳವಿರುವ ಹೊರಗಿನ ತೊಟ್ಟಿಗೆ ಆಗಲೇ ಹಾಕಿಬನ್ನಿ. ಬೆಕ್ಕಿನ ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಇಳಿಬಿದ್ದದ್ದು ಕಂಡರೆ ಎಳೆಯಬೇಡಿ, ಎಳೆದರೆ ಒಳಗಿನ ಕರುಳು ಹರಿಯುತ್ತದೆ. ಈರುಳ್ಳಿಯ ಗ್ರೇವಿ ನೆಕ್ಕಿದ್ದು ಗೊತ್ತಾದರೆ, ಬೆಕ್ಕು ಚುರುಕಾಗಿಯೇ ಇದೆ ಎಂದು ಕಾಯದೆ, ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬುದನ್ನು ಬರೆದುಕೊಂಡು ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿ. ನಿನ್ನೆಯ ಮನೆಯವರಿಗೂ ಇದೇ ಮಾತನ್ನು ಬೆಳಿಗ್ಗೆ ಬರೆದು ಕಳಿಸಿದ್ದೇನೆ. ಓದಿದ್ದಾರೆ, ಉತ್ತರ ಬಂದಿಲ್ಲ. ಸಂಜೆ ನಾನೇ ಫೋನ್ ಮಾಡುತ್ತೇನೆ.