ನಶೆ ಬ್ಯಾರೆ, ಮೋಸ ಬ್ಯಾರೆ

ಬೆಳಗಾವಿ ಕುಸ್ತಿ ಗ್ರೂಪಿನ್ಯಾಗ ಮುಂಜಾನಿಂದ ಒಂದ ಮಾತು ತಿರಗಾಕತ್ತೈತಿ: "ಗಾಂಜಾ ಸೇದಿದ ಆಟಗಾರಗ ಜೀವನಪೂರ್ತಿ ಬ್ಯಾನ್ ಹಾಕ್ರಿ. ಸ್ಟಿರಾಯ್ಡ್ ಚುಚ್ಚಿಕೊಂಡಂವಗೂ ಇವಗೂ ಏನ್ ಫರಕ್?" ಫರಕ್ ಭಾಳ ಐತಿ. ಇದಕ್ಕ ಲೈಕ್ ಒತ್ತಿದವರೊಳಗ ಹುಡುಗ್ರಿಗೆ ಪಟ್ಟು ಕಲಿಸೋ ಉಸ್ತಾದರೂ ಅದಾರ. ಅದನ್ನ ನೋಡಿ ಸಿಟ್ಟು ಬಂತು, ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ.

ಸ್ಟ್ಯಾನೊಜೊಲೋಲ್, ನ್ಯಾಂಡ್ರೊಲೋನ್‌ದಂಥಾ ಸ್ಟಿರಾಯ್ಡ್ ಚುಚ್ಚಿಕೊಂಡು ಅಖಾಡಾಕ್ಕ ಇಳದಂವ ಎದುರಿನ ಪೈಲ್ವಾನನ ಗೆಲುವು ಕದೀತಾನ. ಅಂವಗ 4 ವರ್ಷ ಹಾಕ್ರಿ, ನನ್ನ ತಕರಾರಿಲ್ಲ. ಆದ್ರ ಗಾಂಜಾ, ಕೊಕೇನ್, ಹೆರಾಯಿನ್, ಎಕ್ಸ್‌ಟಸಿ ಈ ನಾಕಕ್ಕ ವಾಡಾದ (ಕ್ರೀಡೆಯೊಳಗಿನ ಉದ್ದೀಪನ ಮದ್ದು ತಡಿಯೋ ಜಾಗತಿಕ ಸಂಸ್ಥೆ) 2021ರ ನಿಯಮದಾಗ ದಾರಿನ ಬ್ಯಾರೆ ಐತಿ. ಸ್ಪರ್ಧೆ ಇಲ್ಲದ ಹೊತ್ತಿನ್ಯಾಗ ತಗೊಂಡೀನಿ, ಆಟಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ ಆಟಗಾರ ಸಾಬೀತು ಮಾಡಿದ್ರ 3 ತಿಂಗಳು. ಒಪ್ಪಿಗಿ ಸಿಕ್ಕ ಚಿಕಿತ್ಸಾ ಮುಗಿಸಿದ್ರ 1 ತಿಂಗಳು. ನ್ಯೂಜಿಲೆಂಡಿನ ಕ್ರಿಕೆಟಿಗ ಡಗ್ ಬ್ರೇಸ್‌ವೆಲ್ 2024ರಾಗ ಕೊಕೇನಿಗೆ ಸಿಕ್ಕಾಗ 1 ತಿಂಗಳಿಗೆ ಮುಗೀತು. ಅದ ಕೊಕೇನಿಗೆ 2007ರಾಗ ಸಿಕ್ಕ ಟೆನಿಸ್ ಆಟಗಾರ್ತಿ ಮಾರ್ಟಿನಾ ಹಿಂಗಿಸ್‌ಗೆ, ನಾ ಮುಟ್ಟೇ ಇಲ್ಲ ಅಂತ ಹೇಳಿದ್ರೂ, 2 ವರ್ಷ ಹಾಕಿದ್ರು. ಪದಾರ್ಥ ಒಂದ, ಶಿಕ್ಷಾ ಮಾತ್ರ ವರ್ಷ ನೋಡಿ. ಮೊದಲಿನದು ತಪ್ಪಂತ ವಾಡಾನ ಒಪ್ಪಿಕೊಂಡಂಗ ಆತಲ್ಲ?

ಎಲ್ಲಾರೂ ಎಡವೋದು ಗಾಂಜಾದ ಲೆಕ್ಕದಾಗ. ಅದಕ್ಕ ನಿಷೇಧ ಇರೂದು ಸ್ಪರ್ಧೆಯ ಹೊತ್ತಿನ್ಯಾಗಷ್ಟ: ಹಿಂದಿನ ದಿನ ರಾತ್ರಿ 11:59ರಿಂದ, ಆಟ ಮುಗದು ಸ್ಯಾಂಪಲ್ ಕೊಡೂ ತನಕ. ಮೂತ್ರಕ್ಕ ಈ ಟೈಮ್ ಗೊತ್ತಿಲ್ಲ. ಗಾಂಜಾದಾಗಿನ ನಶೆ ಪದಾರ್ಥ ಟಿಎಚ್‌ಸಿ ಕೊಬ್ಬಿನ್ಯಾಗ ಕರಗಿ ಕೂತು ನಿಧಾನಕ್ಕ ಹೊರಗ ಬೀಳತೈತಿ. ಒಮ್ಮೆ ಸೇದಿದಂವಗ ಕೆಲವು ದಿನ, ದಿನಾ ಸೇದಾಂವಗ ವಾರಗಟ್ಟಲೆ. ಅದಕ್ಕ 2013ರಾಗ ಮೂತ್ರದಾಗಿನ ಅದರ ಮಿತಿನ ಮಿಲಿಲೀಟರಿಗೆ 15 ನ್ಯಾನೊಗ್ರಾಮಿಂದ 150ಕ್ಕ ಏರಿಸಿದ್ರು. ಬಾಗಲಕೋಟಿ ಹೋಳ್ಯಾಗ ಒಂದ ಗ್ಲಾಸ್ ಭಾಂಗ್ ಥಂಡಾಯಿ ಕುಡದು, ಹದಿನೈದು ದಿನ ಬಿಟ್ಟು ಮ್ಯಾಟ್ ಹತ್ತಿದಂವ ಇದರಾಗ ಸಿಗೂದು ಕಡಿಮಿ. ಸಿಗೋರು ಹೆಚ್ಚಾಗಿ ಎರಡ ಥರದವರು: ಆಟದ ಹೊತ್ತಿನ್ಯಾಗ ಸೇದಿದಂವ, ಇಲ್ಲಾ ಬಿಡಾಕ ಆಗದ ದಿನಾ ಸೇದಾಂವ. ಎರಡನೇದಂವ ರೋಗಿ.

ಆ ರೋಗಿಗೆ ಬ್ಯಾನ್ ಏನ್ ಕೊಡತೈತಿ? ಫೆಡರೇಶನ್ ಕ್ಯಾಂಪ್ ಬಂದ್, ಅದಕ್ಕ ಸೇರಿದ ಕ್ಲಬ್ ಬಂದ್. ಕೊನೀ ಕಾಲುಭಾಗದಾಗಷ್ಟ ತಾಲೀಮಿಗೆ ಮರಳಬಹುದು, ಅಂದ್ರ 3 ತಿಂಗಳಾಗ ಸುಮಾರು ಮೂರು ವಾರ. ಮುಂಜಾನೆ ಎಬ್ಬಿಸೋ ಉಸ್ತಾದ, ಹೊತ್ತಿಗೆ ಊಟ, ಜೋಡಿ ಪೈಲ್ವಾನರು, ಅಂವನ್ನ ನಶೆಯಿಂದ ದೂರ ಇಡೂ ಎಲ್ಲಾನೂ ಕಸಗೊಂಡು, ಖಾಲಿ ದಿನಗಳನ್ನ ಕೈಗೆ ಕೊಟ್ಟು ಮನಿಗೆ ಕಳಸ್ತಾರ. ಇದು ನನಗ ನಿಜಕ್ಕೂ ಸಂಕಟ ಆಗತೈತಿ.

ನಮ್ಮ ಕಾನೂನ ಇದಕ್ಕಿಂತ ಮೆತ್ತಗ ಐತಿ. ಮಾದಕ ಪದಾರ್ಥಗಳ ಮ್ಯಾಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ನೋಡ್ರಿ: ಸೇವನೆಯ ಕೇಸಿನ್ಯಾಗ ಸಿಕ್ಕ ವ್ಯಸನಿ ತಾನಾಗಿ ಸರಕಾರ ಮಾನ್ಯ ಮಾಡಿದ ಆಸ್ಪತ್ರ್ಯಾಗ ಚಿಕಿತ್ಸಾಕ್ಕ ಹೋಗಿ ಪೂರಾ ಮುಗಿಸಿದ್ರ ಆ ಕೇಸು ನಡಸೂದಿಲ್ಲ. ಕ್ರಿಮಿನಲ್ ಕಾಯ್ದೆಗೆ ಇರೂ ಕರುಣೆ ಕ್ರೀಡೆಗೆ ಯಾಕಿಲ್ಲ?

"ನಶೆದಾಗ ಆಡಿದ್ರ ಎದುರಿನವಗ ಪೆಟ್ಟಾಗತೈತಿ" ಅಂತೀರಿ. ಖರೇ. ಆದ್ರ ಮೂತ್ರದ ರಿಪೋರ್ಟ್ ಬರೂದು ಕುಸ್ತಿ ಮುಗದು ವಾರಗಟ್ಟಲೆ ಆದಮ್ಯಾಲ. ಅದು ಅಂದಿನ ಪೆಟ್ಟು ತಪ್ಪಸೂದಿಲ್ಲ. ತೂಗಾಡೋ ಹುಡುಗನ್ನ ಮ್ಯಾಟ್ ಹತ್ತಗೊಡದಂಗ ತಡೀಬೇಕಾದಂವ ರೆಫರಿ, ಅಲ್ಲಿನ ಡಾಕ್ಟರ್. ಮತ್ತ ದಾರೂ? 2018ರಿಂದ ವಾಡಾ ಪಟ್ಟಿಯೊಳಗ ದಾರೂನ ಇಲ್ಲ. "ಮಕ್ಕಳಿಗೆ ಮಾದರಿ ಆಗಬೇಕು" ಅನ್ನೋರು ಗುಟಕಾ ಜಗಿಯೋ ಕೋಚ್‌ಗಳನ್ನ ಮೊದಲ ಕೇಳ್ರಿ.

ಎಲ್ಲಾಕ್ಕಿಂತ ದೊಡ್ಡ ಅನ್ಯಾಯ ಆ "ಸಾಬೀತು" ಅನ್ನೂದರಾಗ ಐತಿ. 2025ರಾಗ ದಕ್ಷಿಣ ಆಫ್ರಿಕಾದ ಕ್ರಿಕೆಟಿಗ ಕಗಿಸೊ ರಬಾಡಗ ನಶೆ ಪದಾರ್ಥಕ್ಕ 1 ತಿಂಗಳು ಬಿತ್ತು, ಬೆನ್ನಿಗೆ ಆಟಗಾರರ ಸಂಘ ನಿಂತಿತ್ತು, ಜೂನಿನ್ಯಾಗ ಲಾರ್ಡ್ಸ್‌ದಾಗ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್ ಆಡಿ 9 ವಿಕೆಟ್ ತಗದ. ಆಗಲಿ, ಸಂತೋಷ. ನಮ್ಮ ಕಡಿ ಹಳ್ಳಿ ಗರಡಿಯ ಹುಡುಗಗ ವಕೀಲ ಎಲ್ಲಿಂದ ಬರಬೇಕು? ನೋಟಿಸು ತಿಳಿಯಂಗಿಲ್ಲ, ಅಂಜಿ ಉತ್ತರ ಕೊಡೂದಿಲ್ಲ. ಸಾಬೀತಾಗಲಿಲ್ಲಂದ್ರ 3 ತಿಂಗಳಿದ್ದದ್ದು ವರ್ಷಗಳಿಗೆ ಹೋಗತೈತಿ, ಪೊಲೀಸ್, ರೈಲ್ವೆ ಕ್ರೀಡಾ ಕೋಟಾದ ವಯಸ್ಸು ದಾಟತೈತಿ.

ಉಸ್ತಾದರಿಗೆ, ವಿಜಯಪುರದ ಸೈಕಲ್ ಕೋಚ್‌ಗಳಿಗೂ ಕೈಮುಗದು ಹೇಳ್ತೀನಿ. ಸ್ಯಾಂಪಲ್ ಕೊಡೂ ಫಾರ್ಮಿನ್ಯಾಗ ಹಿಂದಿನ 7 ದಿನದ ಔಷಧ ಎಲ್ಲಾ ಬರಸ್ರಿ, ಕೆಮ್ಮಿನ ಸಿರಪ್ ಸುದ್ದಾ. ಸ್ಯಾಂಪಲ್ ಹಾಕಿದ ಎ, ಬಿ ಎರಡೂ ಬಾಟಲಿ ನಂಬರ್ ಫಾರ್ಮಿಗೆ ತಾಳೆ ನೋಡಿ ಆಮ್ಯಾಲ ಸಹಿ. ನಾಡಾದ (ವಾಡಾದಂಥಾದ್ದ ನಮ್ಮ ದೇಶದ ಸಂಸ್ಥೆ) ನೋಟಿಸು ಬಂದ್ರ ಮುಚ್ಚಿಡಬ್ಯಾಡ್ರಿ, ಗಡುವಿನೊಳಗ ಬರವಣಿಗ್ಯಾಗ ಉತ್ತರ ಕೊಡ್ರಿ. ಯಾವಾಗ ತಗೊಂಡ, ಎಷ್ಟು, ಯಾರ ಜೋಡಿ ಇದ್ದ ಅನ್ನೂದನ್ನ ಆ ವಾರದಾಗನ ಬರದಿಡ್ರಿ, ಮುಂದ ವಿಚಾರಣ್ಯಾಗ ಅದ ಆಸರ. ಅದ ಉತ್ತರದೊಳಗ ಚಿಕಿತ್ಸಾ ಕೇಳ್ರಿ, ಚಿಕಿತ್ಸಾ ಮುಗಿಸಲಿಲ್ಲಂದ್ರ 3 ತಿಂಗಳು 1ಕ್ಕ ಇಳಿಯೂದಿಲ್ಲ.