ಹಿಮ್ಮಡಿಗೆ ಕೆಲಸ ಹೋದ ಕಥೆ

ನನ್ನ ಟೂರಿಂಗ್ ಬೈಕಿನ ಎಡಗಡೆ ಎರಡು ಗೇರ್ ಲಿವರ್ ಇದ್ದವು. ಎರಡು ಅನ್ನುವುದು ನೋಡೋಕೆ ಮಾತ್ರ. ಎರಡೂ ಕೂತಿರುವುದು ಒಂದೇ ಶಾಫ್ಟ್ ಮೇಲೆ, ಪಾರ್ಕಿನ ಸೀಸಾ ಇದ್ದ ಹಾಗೆ. ಮುಂದಿನದನ್ನು ಕಾಲ್ಬೆರಳ ತುದಿಯಿಂದ ಒತ್ತಿದರೆ ಗೇರ್ ಇಳಿಯುತ್ತದೆ, ಹಿಂದಿನದನ್ನು ಹಿಮ್ಮಡಿಯಿಂದ ಒತ್ತಿದರೆ ಏರುತ್ತದೆ. ಶೂ ತುದಿಯನ್ನು ಲಿವರ್ ಕೆಳಗೆ ತೂರಿಸಿ ಎತ್ತುವ ಗೋಜಿಲ್ಲ, ಹಾಗಾಗಿ ಶೂ ಮೇಲೆ ಆ ಕಪ್ಪು ಗೀರು ಬೀಳುವುದಿಲ್ಲ. ಒಳ್ಳೆಯ ವ್ಯವಸ್ಥೆಯೇ.

ಆದರೂ ಹಿಂದಿನ ಲಿವರನ್ನು ತೆಗೆದುಹಾಕಿದೆ.

ಕಾರಣ ಫುಟ್‌ಬೋರ್ಡ್. ಅದನ್ನು ಅಷ್ಟುದ್ದ ಮಾಡಿರುವುದೇ ದಾರಿಯುದ್ದಕ್ಕೂ ಕಾಲನ್ನು ಹಿಂದೆ ಮುಂದೆ ಸರಿಸಿಕೊಳ್ಳಲಿ ಅಂತ. ಆ ಜಾಗದ ಹಿಂಭಾಗದಲ್ಲೇ ಈ ಲಿವರ್ ಬಂದು ಕೂತರೆ ಕಾಲು ಎಲ್ಲಿಡೋದು? ಮೂರು ಗಂಟೆ ಒಂದೇ ಕೋನದಲ್ಲಿ ಮಡಿಸಿಟ್ಟ ಮಂಡಿ ಸುಮ್ನೆ ಇರುತ್ತದೆಯೇ? ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳೋಣ ಅಂದರೆ ದಪ್ಪ ಬೂಟು ಲಿವರಿಗೆ ತಾಗುತ್ತದೆ, ಒಮ್ಮೊಮ್ಮೆ ಕೇಳದೇ ಗೇರ್ ಏರುತ್ತದೆ, ಇಲ್ಲವೇ ಎರಡು ಗೇರಿನ ನಡುವೆ ಎಲ್ಲೋ ಸಿಕ್ಕಿಕೊಂಡು ಬೈಕ್ ಎಳೆಯುವುದನ್ನೇ ಬಿಟ್ಟು ಎಂಜಿನ್ ಬರೀ ಅರಚುತ್ತದೆ. ಹಿಂದೆ ಲಾರಿ ಬರುತ್ತಿರುವಾಗ ಹೀಗಾದರೆ ಮಂಡಿನೋವು ತಾನಾಗಿ ಮರೆತುಹೋಗುತ್ತದೆ.

ತೆಗೆಯುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಒಂದು ಅಲೆನ್ ಬೋಲ್ಟ್, ಅಷ್ಟೇ ಅಲ್ವಾ? ಸಡಿಲ ಮಾಡಿ ಎಳೆದೆ. ಜಪ್ಪಯ್ಯ ಅನ್ನಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಲು ಹೊರಟಿದ್ದೆ, ಪುಣ್ಯಕ್ಕೆ ಒಮ್ಮೆ ಟಾರ್ಚ್ ಹಾಕಿ ನೋಡಿದೆ. ಬೋಲ್ಟ್ ಶಾಫ್ಟಿನ ಒಂದು ಕಚ್ಚಿನಲ್ಲಿ ಅಡ್ಡ ಕೂತಿತ್ತು. ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಎಲ್ಲ ಬೈಕಿನಲ್ಲೂ ಹೀಗಿರುವುದಿಲ್ಲ, ಆದರೆ ಲಿವರ್ ಹಟ ಮಾಡಿದರೆ ಸುತ್ತಿಗೆ ಹುಡುಕುವ ಮೊದಲು ಇದನ್ನು ನೋಡಿ. ತುಕ್ಕು ಹಿಡಿದಿದ್ದರೆ ಎಣ್ಣೆ ಬಿಟ್ಟು ಕಾಯಬೇಕು. ಇನ್ನೊಂದು ಮಾತು, ಬಿಚ್ಚುವ ಮೊದಲೇ ಲಿವರ್ ಮತ್ತು ಶಾಫ್ಟ್ ಮೇಲೆ ಸೇರಿ ಬರುವ ಹಾಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ನಾನು ಎಳೆದಿರಲಿಲ್ಲ.

ಹಿಂದಿನ ಲಿವರ್ ಹೋದ ಜಾಗ ಶಾಫ್ಟ್ ಮೇಲೆ ಖಾಲಿ ಉಳಿಯುತ್ತದೆ. ಅಲ್ಲಿಗೆ ಒಂದು ಸ್ಪೇಸರ್, ಅಂದರೆ ಜಾಗ ತುಂಬುವ ಬಳೆ, ಹಾಕಬೇಕು. ಇದು ನನಗೆ ಗೊತ್ತಾಗಿದ್ದು ಮುಂದಿನ ಲಿವರ್ ಒಳಗೂ ಹೊರಗೂ ಲೊಡಲೊಡ ಅಂತ ಓಡಾಡಲು ಶುರು ಮಾಡಿದ ಮೇಲೆ.

ಅಸಲಿ ಫಜೀತಿ ಇನ್ನೂ ಬಾಕಿ ಇತ್ತು. ಈಗ ಗೇರ್ ಏರಿಸಬೇಕಾದರೆ ಬೆರಳಿನಿಂದಲೇ ಎತ್ತಬೇಕು, ಎತ್ತೋಣ ಅಂದರೆ ಬೂಟು ಲಿವರ್ ಕೆಳಗೆ ಹೋಗುವುದೇ ಇಲ್ಲ! ಆ ಲಿವರನ್ನು ಕೂರಿಸಿರುವುದು ಮೇಲಿಂದ ಒತ್ತಲಿ ಅಂತ, ಕೆಳಗಿಂದ ಎತ್ತಲಿ ಅಂತ ಅಲ್ಲ. ಲಿವರ್ ಕಚ್ಚಿ ಕೂರುವುದು ಶಾಫ್ಟಿನ ಸುತ್ತ ಇರುವ ಹಲ್ಲುಗಳ ಮೇಲೆ. ಸರಿ, ಒಂದು ಹಲ್ಲು ಮೇಲಕ್ಕೆ ಕೂರಿಸೋಣ ಅಂದುಕೊಂಡೆ. ಶಾಫ್ಟಿನ ಸುತ್ತ 36 ಹಲ್ಲು ಇದ್ದರೆ ಒಂದು ಹಲ್ಲು ಅಂದರೆ 10 ಡಿಗ್ರಿ, 15 ಸೆಂಟಿಮೀಟರ್ ಉದ್ದದ ಲಿವರಿನ ತುದಿಗೆ ಬರುವಷ್ಟರಲ್ಲಿ ಅದು ಎರಡೂವರೆ ಸೆಂಟಿಮೀಟರ್ ದಾಟುತ್ತದೆ. ಮೊದಲು ಬೂಟು ಹೋಗುತ್ತಿರಲಿಲ್ಲ. ಈಗ ಬೂಟು ಆರಾಮಾಗಿ ಹೋಗುತ್ತದೆ, ಆದರೆ ಗೇರ್ ಇಳಿಸಲು ಕಾಲನ್ನೇ ಬೋರ್ಡಿನಿಂದ ಎತ್ತಬೇಕು.

ನಡುವಿನ ಜಾಗ ಬೇಕೆಂದರೆ ಲಿಂಕ್ ರಾಡಿಗೇ, ಅಂದರೆ ಲಿವರಿನ ಚಲನೆಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಸರಳಿಗೇ, ಹೋಗಬೇಕು. ಎರಡೂ ತುದಿಯ ಲಾಕ್ ನಟ್ ಸಡಿಲ ಮಾಡಿ ರಾಡ್ ತಿರುಗಿಸಿದರೆ ಲಿವರ್ ಕೂದಲೆಳೆಯಷ್ಟಾಗಿ ಏರುತ್ತದೆ, ಇಳಿಯುತ್ತದೆ. ಎಷ್ಟೋ ರಾಡುಗಳಲ್ಲಿ ಒಂದು ತುದಿಯದು ಉಲ್ಟಾ ಥ್ರೆಡ್. ಬಿಗಿಯಾಗಿದೆ ಅಂತ ಮಾಮೂಲಿ ದಿಕ್ಕಿಗೇ ಬಲ ಹಾಕಿದಷ್ಟೂ ಆ ನಟ್ ಇನ್ನೂ ಬಿಗಿಯಾಗುತ್ತಾ ಹೋಗುತ್ತದೆ. ಅರ್ಧ ಸುತ್ತು, ಬೂಟು ಹಾಕಿ ಕೂತು ನೋಡು, ಇಳಿ, ಮತ್ತೆ ಅರ್ಧ ಸುತ್ತು. ಹೀಗೆ ಒಂದು ಮಧ್ಯಾಹ್ನ ಹೋಯಿತು. ಚಪ್ಪಲಿ ಹಾಕಿಕೊಂಡು ಅಳತೆ ನೋಡಬೇಡಿ, ಓಡಿಸುವ ಬೂಟನ್ನೇ ಹಾಕಿ. ಲಿವರ್ ಕೆಳಗೆ ಹೋದಾಗ ಫುಟ್‌ಬೋರ್ಡಿಗೆ ತಾಗದಂತೆಯೂ ನೋಡಿಕೊಳ್ಳಬೇಕು, ತಾಗಿದರೆ ಗೇರ್ ಪೂರ್ತಿ ಬೀಳುವುದಿಲ್ಲ.

ಈಗ ಮಂಡಿ ಖುಷಿಯಾಗಿದೆ. ಎಡಗಾಲು ಬೋರ್ಡ್ ತುಂಬ ಓಡಾಡುತ್ತದೆ. ಹಿಮ್ಮಡಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿಲ್ಲ. ನಿನ್ನೆ ಸಿಗ್ನಲ್ ಬಿಟ್ಟ ಕೂಡಲೇ ಹೊರಟೆ, ಕ್ಲಚ್ ಹಿಡಿದೆ, ಹಿಮ್ಮಡಿ ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ ಖಾಲಿ ಬೋರ್ಡನ್ನು ಗಟ್ಟಿಯಾಗಿ ಒತ್ತಿತು, ಕ್ಲಚ್ ಬಿಟ್ಟೆ. ಬೈಕ್ ಇನ್ನೂ ಫಸ್ಟ್ ಗೇರಿನಲ್ಲೇ ಇತ್ತು. ಪಕ್ಕದ ಸ್ಕೂಟರಿನವರು ತಿರುಗಿ ನೋಡಿದರು.