ಗಂಡು-ಹೆಣ್ಣಿನ ಕೊಬ್ಬಿನ ಭೇದಕ್ಕೆ ವರ್ಣತಂತುವೇ ನೇರ ಕಾರಣವೇ?

ಪರ: ಎಕ್ಸ್ ಎಷ್ಟಿದೆ ಎನ್ನುವುದೇ ಲೆಕ್ಕ

ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು (ಕ್ರೋಮೋಸೋಮ್), ಗಂಡಿಗೆ ಒಂದು ಎಕ್ಸ್, ಒಂದು ವೈ. ಹೆಣ್ಣಿನ ಮೈಯಲ್ಲಿ ಕೊಬ್ಬು ಹೆಚ್ಚು ಎಂದರೆ ಹಾರ್ಮೋನಿನ ಕಡೆ ಬೆರಳು ತೋರಿಸುವುದು ರೂಢಿ. ಹಾರ್ಮೋನನ್ನೇ ಇಲ್ಲವಾಗಿಸಿದರೆ? ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಆರ್ನಾಲ್ಡ್, ಕ್ಯಾರೆನ್ ರೂ ತಂಡಗಳು ಮಾಡಿದ್ದು ಅದನ್ನೇ. ವೃಷಣ ಬೆಳೆಸುವ ಎಸ್‌ಆರ್‌ವೈ ಜೀನ್ ವೈ ವರ್ಣತಂತುವಿನಲ್ಲಿಲ್ಲದೆ ಬೇರೊಂದರಲ್ಲಿ ಇರುವ ಇಲಿಗಳನ್ನು ಬಳಸಿದರು. ಇವುಗಳಲ್ಲಿ ಎರಡು ಎಕ್ಸ್ ಇದ್ದೂ ವೃಷಣ, ಎಕ್ಸ್-ವೈ ಇದ್ದೂ ಅಂಡಾಶಯ ಬೆಳೆಯಬಲ್ಲದು. ಪ್ರಾಯಕ್ಕೆ ಬಂದ ಮೇಲೆ ಹಾರ್ಮೋನು ಸುರಿಸುವ ಆ ವೃಷಣ, ಅಂಡಾಶಯಗಳನ್ನು ತೆಗೆದುಹಾಕಿ ತಿಂಗಳುಗಟ್ಟಲೆ ಕಾದರು. 2012ರಲ್ಲಿ ಫಲಿತಾಂಶ ಬಂತು: ಎರಡು ಎಕ್ಸ್ ಇದ್ದವುಗಳಲ್ಲಿ ಕೊಬ್ಬು ಎರಡು ಪಟ್ಟಿನವರೆಗೆ ಹೆಚ್ಚು. ಇಲಿ ಹೆಚ್ಚು ತಿನ್ನುವುದು ರಾತ್ರಿ. ಎರಡು ಎಕ್ಸ್ ಇದ್ದವು ಮಲಗುವ ಹಗಲಲ್ಲೂ ಉಳಿದವಕ್ಕಿಂತ ಜಾಸ್ತಿ ತಿನ್ನುತ್ತಿದ್ದವು.

ಹೆಣ್ಣಿನ ಜೀವಕೋಶದಲ್ಲಿ ಒಂದು ಎಕ್ಸ್ ಬಾಯಿ ಮುಚ್ಚಿಕೊಂಡಿರುತ್ತದೆ. ಆದರೂ ಕೆಡಿಎಂ5ಸಿಯಂಥ ಕೆಲವು ಜೀನ್‌ಗಳು ತಪ್ಪಿಸಿಕೊಂಡು ಎರಡೂ ಎಕ್ಸ್‌ನಿಂದ ಕೆಲಸ ಮಾಡುತ್ತವೆ. ಹೆಣ್ಣಿಲಿಯಲ್ಲಿ ಕೆಡಿಎಂ5ಸಿಯ ಒಂದು ಪ್ರತಿ ಕಳೆದರೆ ತೂಕ, ಕೊಬ್ಬು, ತಿನ್ನುವ ಪ್ರಮಾಣ ಮೂರೂ ಇಳಿಯುತ್ತವೆಂದು 2020ರಲ್ಲಿ ಕಂಡಿತು.

ವಿರೋಧ: ಜೀನ್ ಇಬ್ಬರದೂ ಒಂದೇ

ಅಂಡಾಶಯ, ವೃಷಣ ಕಳೆದ ಇಲಿಯ ಲೆಕ್ಕವನ್ನು ಮನುಷ್ಯರಿಗೆ ಹಾಗೇ ಹಚ್ಚುವುದು ಅವಸರ. ಕೊಬ್ಬು ಎಲ್ಲಿ ಕೂರುತ್ತದೆ ಎಂದು ತೋರಿಸುವ ಸೊಂಟ-ಪೃಷ್ಠ ಅನುಪಾತವನ್ನು ಸುಮಾರು 7 ಲಕ್ಷ ಜನರಲ್ಲಿ ನೋಡಿದ ಅಧ್ಯಯನದಲ್ಲಿ ಅದಕ್ಕೆ ನಂಟಿರುವ 346 ಜೀನ್ ತಾಣಗಳು ಸಿಕ್ಕವು. ಮೂರನೇ ಒಂದರಷ್ಟು ಗಂಡು-ಹೆಣ್ಣಿನಲ್ಲಿ ಬೇರೆ ಬಗೆಯಲ್ಲಿ ನಡೆದುಕೊಳ್ಳುತ್ತವೆ, ಬಹುಪಾಲು ಹೆಣ್ಣಿನಲ್ಲೇ ಜೋರು. ಹೆಚ್ಚಿನವು ಎಕ್ಸ್‌ನಲ್ಲೂ ಇಲ್ಲ, ವೈನಲ್ಲೂ ಇಲ್ಲ. ಇಬ್ಬರಿಗೂ ಸಮನಾಗಿರುವ ವರ್ಣತಂತುಗಳಲ್ಲಿವೆ. 7ನೆಯದರಲ್ಲಿರುವ ಕೆಎಲ್‌ಎಫ್14 ನೋಡಿ: ತಾಯಿಯಿಂದ ಬಂದ ಅದರ ಒಂದು ರೂಪ ಮಗಳಲ್ಲಿ ಕೊಬ್ಬುಕೋಶಗಳನ್ನು ಹಿಗ್ಗಿಸಿ ಮಧುಮೇಹದ ಅಪಾಯ ಹೆಚ್ಚಿಸುತ್ತದೆ, ಮಗನಲ್ಲಿ ಅಷ್ಟಾಗಿ ಇಲ್ಲ. ಒಂದೇ ಜೀನಿಗೆ ಎರಡು ನಡೆ ಬರುವುದು ಅದರ ಸುತ್ತಲಿನ ಹಾರ್ಮೋನಿನಿಂದ ಎನ್ನುವುದೇ ನಮಗೆ ಹೆಚ್ಚು ಸರಿಕಾಣುತ್ತದೆ.

ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್ ಇರುವವರೆಗೆ ತೊಡೆ, ಪೃಷ್ಠದ ಕೊಬ್ಬು ಸುಲಭಕ್ಕೆ ಕರಗದು. ಮುಟ್ಟು ನಿಂತ ಮೇಲೆ ಎರಡು ಎಕ್ಸ್ ಹಾಗೇ ಇರುತ್ತವೆ, ಕೊಬ್ಬು ಮಾತ್ರ ಹೊಟ್ಟೆಗೆ ಸರಿಯುತ್ತದೆ. ಆ ವಯಸ್ಸಿನವರು ಜೀನ್ ಪರೀಕ್ಷೆಗೆ ದುಡ್ಡು ಸುರಿಯುವ ಬದಲು ಸೊಂಟದ ಸುತ್ತಳತೆಗೆ ಟೇಪು ಹಿಡಿಯಲಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಬಟ್ಟೆ ಸರಿಸಿ, ಸಹಜವಾಗಿ ಉಸಿರು ಬಿಟ್ಟು ಅಳೆಯಬೇಕು. ಭಾರತೀಯ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಎಚ್ಚರಿಕೆಯ ಗೆರೆ. ಲಂಗದ ಲಾಡಿ ಅಥವಾ ಪ್ಯಾಂಟಿನ ಬೆಲ್ಟು ಕೂರುವ ಕಡೆ ಅಳೆದರೆ ಜೋತ ಹೊಟ್ಟೆ ಟೇಪಿನ ಮೇಲೇ ಉಳಿದು, ಅಳತೆ ಕಡಿಮೆ ಬರುತ್ತದೆ.